ಗುಡಿಸಲು ಕಟ್ಟೋಣ ಬನ್ನಿ: ದಸರಾ ರಜೆ ಮತ್ತು ನಮ್ಮ ಚಿಕ್ಕ ಮಕ್ಕಳು

ಬೈಬಲ್ ತೆರೆಯಿರಿ, ಮೊಬೈಲಿನಲ್ಲಿದ್ದರೂ ಪರವಾಗಿಲ್ಲ. ಮೂರು ಭಾಗಗಳನ್ನು ನೋಡೋಣ: ಯಾಜಕಕಾಂಡ 23:33-43, ಧರ್ಮೋಪದೇಶಕಾಂಡ 16:13-15, ನೆಹೆಮೀಯ 8:13-18.

ದಸರಾ ರಜೆ ಬಂತು ಅಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ಜಾಸ್ತಿ ಕೇಳುತ್ತೆ: "ಬೇಡ." ಪಕ್ಕದ ಮನೆಯಲ್ಲಿ ಗೊಂಬೆ ಕೂರಿಸಿದ್ದಾರೆ, ಅಲ್ಲಿಗೆ ಹೋಗೋದು ಬೇಡ. ದೀಪಾವಳಿಗೆ ಪಟಾಕಿ ಬೇಡ. ಅಕ್ಟೋಬರ್ ಕೊನೆಗೆ ಅಪಾರ್ಟ್‌ಮೆಂಟಿನಲ್ಲಿ ಹ್ಯಾಲೋವೀನ್, ಅದೂ ಬೇಡ. ಇದಕ್ಕೆಲ್ಲ ನಮ್ಮ ಹತ್ತಿರ ಕಾರಣ ಇದೆ, ನಾನು ಅಲ್ಲಗಳೆಯೋದಿಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ಕಾರಣ ಅರ್ಥವಾಗಲ್ಲ, "ಬೇಡ" ಅನ್ನೋದು ಮಾತ್ರ ನೆನಪಿರುತ್ತೆ. ವರ್ಷ ವರ್ಷವೂ ಹೀಗೇ ಆದರೆ, ಯೇಸುವಿನ ಮನೆ ಅಂದರೆ ಹಬ್ಬವಿಲ್ಲದ ಮನೆ ಅಂತ ಆ ಮಗು ತೀರ್ಮಾನ ಮಾಡುತ್ತೆ. ಹದಿನೈದನೇ ವಯಸ್ಸಿನಲ್ಲಿ "ನಾನು ಸಭೆಗೆ ಬರಲ್ಲ" ಅಂದಾಗ ನಾವು ಉಪವಾಸ ಪ್ರಾರ್ಥನೆ ಇಡ್ತೀವಿ. ಇಡಲೇಬೇಕು. ಆದರೆ ನಾಲ್ಕನೇ ವಯಸ್ಸಿನಲ್ಲಿ ನಾವು ಏನು ಕೊಟ್ಟೆವು?

1. ಇದೇ ಕಾಲದಲ್ಲಿ ದೇವರು ಕೊಟ್ಟ ಹಬ್ಬ

ಏಳನೇ ತಿಂಗಳಿನ ಹದಿನೈದನೇ ದಿನದಿಂದ ಏಳು ದಿನ ಪರ್ಣಶಾಲೆಗಳ ಹಬ್ಬ. ನಮ್ಮ ಕ್ಯಾಲೆಂಡರಿನಲ್ಲಿ ಅದು ಸೆಪ್ಟೆಂಬರ್-ಅಕ್ಟೋಬರ್, ಅಂದರೆ ಸರಿಸುಮಾರು ದಸರಾ ರಜೆಯ ಹೊತ್ತು. ಕಣದ ಧಾನ್ಯ, ತೊಟ್ಟಿಯ ದ್ರಾಕ್ಷಾರಸ ಎಲ್ಲಾ ಕೂಡಿಸಿಟ್ಟ ಮೇಲೆ ಜನರು ಖರ್ಜೂರದ ಗರಿ, ಸೊಂಪಾದ ಮರಗಳ ಕೊಂಬೆ ತಂದು ಗುಡಿಸಲು ಕಟ್ಟಿ ಅದರಲ್ಲಿ ವಾಸಿಸಬೇಕಿತ್ತು. ಕಾರಣ? ಐಗುಪ್ತದಿಂದ ಬಿಡುಗಡೆಯಾದ ಪಿತೃಗಳು ಗುಡಿಸಲುಗಳಲ್ಲಿ ಇದ್ದರೆಂದು ಮುಂದಿನ ಸಂತತಿಗೆ ತಿಳಿಯಲಿ ಎಂದು.

ಗಮನಿಸಿ, ಮಕ್ಕಳಿಗೆ ಬಿಡುಗಡೆಯ ವಿಷಯ ಕಲಿಸಲು ದೇವರು ಬರೀ ಪಾಠ ಕೊಡಲಿಲ್ಲ. ಕೈಗೆ ಕೊಂಬೆ ಕೊಟ್ಟರು. ಎಲೆಯ ವಾಸನೆ, ರಾತ್ರಿಯ ತಂಪು, ಸಂದಿಯಲ್ಲಿ ಕಾಣುವ ನಕ್ಷತ್ರ, ಇವೆಲ್ಲಾ ಅಲ್ಲಿ ಪಾಠವೇ.

ಈ ಹಬ್ಬವನ್ನು ಆಚರಿಸಲೇಬೇಕೆಂಬ ನಿಯಮ ನಮಗಿಲ್ಲ. ಅದು ನೆರಳು, ನಿಜರೂಪ ಕ್ರಿಸ್ತನೇ ಎಂದು ಕೊಲೊಸ್ಸೆ 2 ಹೇಳುತ್ತೆ. ಆದರೆ ತಂದೆಯಾದ ದೇವರು ಮಕ್ಕಳಿಗೆ ಕಲಿಸುವ ರೀತಿಯನ್ನು ನಾವು ಕಲಿಯಬಹುದು.

2. ಹಬ್ಬದ ಪಟ್ಟಿಯಲ್ಲಿ ಯಾರಿದ್ದಾರೆ?

ಧರ್ಮೋಪದೇಶಕಾಂಡದಲ್ಲಿ ಪಟ್ಟಿ ನೋಡಿ: ಮಗ, ಮಗಳು, ಮನೆಯ ಆಳುಗಳು, ಲೇವಿಯ, ಪರದೇಶಿ, ತಂದೆಯಿಲ್ಲದವನು, ವಿಧವೆ. ಎಲ್ಲರೂ ಸೇರಿ ಸಂತೋಷಪಡಬೇಕು. ನಮ್ಮ ಊರಿನಲ್ಲಿ ಇವರು ಯಾರು? ಮನೆಗೆಲಸಕ್ಕೆ ಬರುವ ಅಕ್ಕ, ಗೇಟಿನಲ್ಲಿ ಕೂತಿರುವ ಸೆಕ್ಯೂರಿಟಿ ಅಣ್ಣ, ರಜೆಗೆ ಊರಿಗೆ ಹೋಗಲಾಗದೆ ಪಿಜಿಯಲ್ಲೇ ಉಳಿದ ನಮ್ಮ ಸಭೆಯ ತಮ್ಮ.

ನೆರೆಯವರ ಬಗ್ಗೆಯೂ ಒಂದು ಮಾತು. ಅವರ ಹಬ್ಬವನ್ನು ಮಕ್ಕಳ ಮುಂದೆ ಹೀಯಾಳಿಸಬೇಡಿ. "ಅದು ಅವರ ಹಬ್ಬ, ಅವರು ನಮ್ಮ ಫ್ರೆಂಡ್ಸ್. ನಾವು ಯೇಸಪ್ಪನನ್ನು ಆರಾಧಿಸ್ತೀವಿ." ಮಗುವಿಗೆ ಇಷ್ಟು ಸಾಕು. ಅಜ್ಜಿ-ತಾತ ಇನ್ನೂ ವಿಶ್ವಾಸಕ್ಕೆ ಬಂದಿಲ್ಲ ಅಂತ ರಜೆಯಲ್ಲಿ ಅವರ ಮನೆಯ ಬಾಗಿಲು ಮುಚ್ಚಬೇಡಿ. ಆರಾಧನೆಯಲ್ಲಿ ಪಾಲಿಲ್ಲದಿದ್ದರೂ ಪ್ರೀತಿಯಲ್ಲಿ ಪಾಲಿರಲಿ.

3. ನಿಂತುಹೋದದ್ದನ್ನು ಮತ್ತೆ ಶುರುಮಾಡಬಹುದು

ನಮ್ಮಲ್ಲಿ ಅನೇಕರು ಮೊದಲ ತಲೆಮಾರಿನ ವಿಶ್ವಾಸಿಗಳು. "ಬ್ರದರ್, ನಮ್ಮ ಅಮ್ಮ ಹಬ್ಬ ಮಾಡಿದ ಹಾಗೆ ನಾವು ಮಾಡಲ್ಲ. ಹಾಗಾದರೆ ಏನು ಮಾಡಬೇಕು? ತೋರಿಸಿಕೊಡೋಕೆ ಯಾರೂ ಇಲ್ಲ" ಅಂತೀರಿ. ನೆಹೆಮೀಯನ ಕಾಲದವರಿಗೂ ಹೆಚ್ಚುಕಡಿಮೆ ಅದೇ ಪರಿಸ್ಥಿತಿ. ಯೆಹೋಶುವನ ಕಾಲದಿಂದ ಅಷ್ಟು ಚೆನ್ನಾಗಿ ಈ ಹಬ್ಬ ನಡೆದೇ ಇರಲಿಲ್ಲ. ವಾಕ್ಯ ಓದಿದರು, ಬೆಟ್ಟಕ್ಕೆ ಹೋದರು, ಕೊಂಬೆ ತಂದರು. ಎಲ್ಲಿ ಕಟ್ಟಿದರು? ಮಾಳಿಗೆಯ ಮೇಲೆ, ಅಂಗಳದಲ್ಲಿ, ಬೀದಿಯ ಚೌಕದಲ್ಲಿ. ಟೆರೇಸ್ ಇರುವವರು ಆಮೆನ್ ಹೇಳಿ!

ಹೇಗೆ ಮಾಡೋದು?

ರಜೆಯಲ್ಲಿ ಒಂದು ಸಂಜೆ ಆರಿಸಿ. ಪ್ರತಿ ವರ್ಷ ಅದೇ ಸಂಜೆ, ಉದಾಹರಣೆಗೆ ರಜೆಯ ಮೊದಲ ಶನಿವಾರ. ನಾಲ್ಕು ಕೆಲಸ ಮಾಡಿ.

ಕಟ್ಟಿ: ಟೆರೇಸ್ ಮೇಲೆ ಹಗ್ಗ, ಹಳೇ ಬೆಡ್‌ಶೀಟ್, ಸಿಕ್ಕರೆ ತೆಂಗಿನ ಗರಿ. ಮಳೆ ಬಂದರೆ ಡೈನಿಂಗ್ ಟೇಬಲ್ ಕೆಳಗೆ. ಮಗುವೇ ಕಟ್ಟಲಿ, ವಕ್ರವಾದರೆ ವಕ್ರವಾಗಲಿ. ನಮ್ಮ ಮನೆಯದ್ದು ಊಟದ ಮಧ್ಯೆ ಬಿದ್ದೇ ಬೀಳುತ್ತೆ, ಮಗಳಿಗೆ ಅದೇ ಖುಷಿ.

ತಿನ್ನಿ: ಆ ಕಾಲದ್ದೇ ತಿನ್ನಿ. ಸೀತಾಫಲ, ಸೀಬೆಹಣ್ಣು, ಬೇಯಿಸಿದ ಹಸಿ ಕಡಲೆಕಾಯಿ. ಬೆಳೆದ ರೈತನಿಗಾಗಿ ಮಗು ಒಂದು ಸಾಲು ಪ್ರಾರ್ಥಿಸಲಿ. ಬುಟ್ಟಿಯಲ್ಲಿ ಒಂದು ಪಾಲು ಬೇರೆಯವರಿಗೆ ಕೊಡಲಿಕ್ಕೆ ಇರಲಿ, ಮಗುವಿನ ಕೈಯಿಂದಲೇ ಕೊಡಿಸಿ.

ಹೇಳಿ: ಐದೇ ನಿಮಿಷ, ದೇವರು ನಿಮ್ಮನ್ನು ಎಲ್ಲಿಂದ ಬಿಡಿಸಿದರು ಅಂತ. ಪೂರ್ತಿ ಸಾಕ್ಷಿ ಬೇಡ. "ಅಪ್ಪನಿಗೆ ಕೆಲಸ ಇರಲಿಲ್ಲ, ದೇವರು ನೋಡಿಕೊಂಡರು" ಅಂದರೂ ಸಾಕು.

ಮಲಗಿಸಿ: ಹೌದು, ಹೊತ್ತಿಗೆ ಸರಿಯಾಗಿ. ನಿದ್ದೆಗೆಟ್ಟ ಮಗುವಿಗೆ ಯಾವ ಹಬ್ಬವೂ ಹಬ್ಬವಲ್ಲ. ಅಷ್ಟೂ ಹೊತ್ತು ಅಪ್ಪ ಅಮ್ಮನ ಮೊಬೈಲ್ ಒಳಗಡೆ ಇರಲಿ. ಫೋಟೋ ಒಂದು ಸಾಕು, ಸ್ಟೇಟಸ್ ಬೇಡ.

ಮೊದಲ ವರ್ಷ ಅದು ಬರೀ ಆಟದ ಹಾಗೆ ಕಾಣುತ್ತೆ. ಎರಡನೇ ವರ್ಷ ಮಗುವಿಗೆ ಅರೆಬರೆ ನೆನಪಿರುತ್ತೆ. ಮೂರನೇ ವರ್ಷ ಮಗುವೇ ಕೇಳಬಹುದು: "ಯಾವಾಗ ಗುಡಿಸಲು ಕಟ್ಟೋಣ? ಯಾಕೆ ಕಟ್ತೀವಿ?" ಆ "ಯಾಕೆ" ಬಂದ ದಿನ ಸುವಾರ್ತೆಗೆ ಬಾಗಿಲು ತೆರೆಯಿತು ಅಂತ ತಿಳಿಯಿರಿ.

ಯೋಹಾನ 7ರಲ್ಲಿ ಯೇಸು ಈ ಹಬ್ಬಕ್ಕೇ ಹೋಗಿದ್ದರು. ಅದರ ಮಹಾದಿನದಲ್ಲಿ ನಿಂತು, ಬಾಯಾರಿದವರನ್ನು ತನ್ನ ಬಳಿಗೆ ಕರೆದರು, ಪವಿತ್ರಾತ್ಮನ ವಿಷಯ ಹೇಳಿದರು. ನಮ್ಮ ಮಕ್ಕಳಿಗೂ ಬಾಯಾರಿಕೆ ಇದೆ. "ಬೇಡ" ಅನ್ನೋದು ಮಾತ್ರ ಅದನ್ನು ತೀರಿಸಲ್ಲ.

ಈ ವಾರ ಗಂಡ ಹೆಂಡತಿ ಕೂತು ಮಾತಾಡಿ: ನಮ್ಮ ಸಂಜೆ ಯಾವುದು? ನಮ್ಮ ಗುಡಿಸಲಿಗೆ ಯಾರನ್ನು ಕರೆಯೋಣ? ಮಗುವಿಗೆ ಯಾವ ಬಿಡುಗಡೆಯ ಕಥೆ ಹೇಳೋಣ?

ಪ್ರಾರ್ಥಿಸೋಣ. ತಂದೆಯೇ, ನಮ್ಮ ಚಿಕ್ಕ ಮನೆಗಳಲ್ಲಿ ನಿಮ್ಮ ಸಂತೋಷ ತುಂಬಿರಿ. ನೀವು ಮಾಡಿದ ಬಿಡುಗಡೆ ನಮ್ಮ ಮಕ್ಕಳಿಗೆ ತಿಳಿಯಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.