ಹೊಸ ಆಟೋಕ್ಯಾಡ್‌ಗೆ ಕೈ ಪಳಗಿಸುವಾಗ

ಆಟೋಕ್ಯಾಡ್ ವರ್ಷಕ್ಕೊಂದು ಹೊಸ ಆವೃತ್ತಿ ತರುತ್ತದೆ. ಅಪ್‌ಡೇಟ್ ಆದ ಕೂಡಲೇ ಎಲ್ಲರ ಕಣ್ಣು ಹೊಸ ಬಟನ್‌ಗಳ ಮೇಲೆ. ಕಟ್ಟಡದ ಡ್ರಾಯಿಂಗ್ ಮಾಡಿಕೊಂಡು ಬಂದವನಾಗಿ ನಾನು ಹೇಳುವುದಿಷ್ಟು: ಬದಲಾಗಿರುವ ಹಳೆಯ ಕಮಾಂಡ್‌ಗಳನ್ನು ಮೊದಲು ಕಲಿಯಿರಿ, ಹೊಸವು ಆಮೇಲೆ.

1. ಟ್ರಿಮ್ ಕಮಾಂಡನ್ನೇ ತೆಗೆದುಕೊಳ್ಳಿ. ಮೊದಲೆಲ್ಲ ಟಿಆರ್ ಒತ್ತಿ, ಎರಡು ಸಲ ಎಂಟರ್ ಹೊಡೆದು, ಬೇಡದ ಗೆರೆಗಳನ್ನು ಕ್ಲಿಕ್ ಮಾಡುತ್ತಿದ್ದೆವು. 2021ರ ಆವೃತ್ತಿಯಿಂದ ಕ್ವಿಕ್ ಮೋಡ್ ತಾನಾಗಿಯೇ ಬರುತ್ತದೆ. ಒಂದೇ ಎಂಟರ್ ಸಾಕು, ಡ್ರಾಯಿಂಗಿನ ಗೆರೆಗಳೆಲ್ಲವೂ ಕತ್ತರಿಸುವ ಅಂಚುಗಳೇ. ಅಭ್ಯಾಸಬಲದಿಂದ ಎರಡನೇ ಎಂಟರ್ ಬಿದ್ದರೆ ಕಮಾಂಡ್ ಮುಗಿದುಹೋಗುತ್ತದೆ. ಅದು ದೊಡ್ಡ ತೊಂದರೆಯಲ್ಲ. ಆದರೆ ಬೇರಾವ ಗೆರೆಯನ್ನೂ ಮುಟ್ಟದೆ ಬಿಡಿಯಾಗಿ ನಿಂತ ಗೆರೆಯನ್ನು ಕ್ಲಿಕ್ ಮಾಡಿದರೆ ಅದು ಪೂರ್ತಿ ಅಳಿಸಿಹೋಗುತ್ತದೆ. ಗೆರೆಗಳು ಗಿಜಿಗುಡುವ ಸೆಕ್ಷನ್ ಡ್ರಾಯಿಂಗಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಒಗ್ಗದಿದ್ದರೆ ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ ಎಂದು ಟೈಪ್ ಮಾಡಿ 0 ಕೊಡಿ, ಹಳೆಯ ಪದ್ಧತಿ ಮರಳುತ್ತದೆ. ಆದರೂ ಕ್ವಿಕ್ ಮೋಡ್‌ಗೆ ಒಗ್ಗಿಕೊಳ್ಳುವುದೇ ಲಾಭ. ಖಾಲಿ ಜಾಗದಿಂದ ಮೌಸ್ ಎಳೆದು ಹತ್ತಾರು ಗೆರೆಗಳನ್ನು ಒಂದೇ ಏಟಿಗೆ ಕತ್ತರಿಸುವುದು ಹಳೆಯದರಲ್ಲಿ ಇಷ್ಟು ಸಲೀಸಾಗಿರಲಿಲ್ಲ.

2. ಹಳೆಯ ಆವೃತ್ತಿ ತೆಗೆಯುವ ಮುನ್ನ ಶಾರ್ಟ್‌ಕಟ್‌ಗಳಿರುವ ಪಿಜಿಪಿ ಫೈಲ್, ಪ್ರಿಂಟಿಗೆ ಬೇಕಾದ ಸಿಟಿಬಿ ಫೈಲ್‌ಗಳು, ಟೆಂಪ್ಲೇಟ್, ಲಿಸ್ಪ್ ರೂಟೀನ್‌ಗಳನ್ನು ಬೇರೆ ಫೋಲ್ಡರಿಗೆ ಹಾಕಿಡಿ. ಸಿಟಿಬಿ ತಪ್ಪಿಹೋದರೆ ಗೆರೆಗಳ ದಪ್ಪವೆಲ್ಲ ಏರುಪೇರು. ಗೋಡೆ ಯಾವುದು, ಹ್ಯಾಚ್ ಯಾವುದು ಎಂದು ಸೈಟಿನ ಮೇಸ್ತ್ರಿ ತಡಕಾಡಬೇಕಾಗುತ್ತದೆ.

3. ಫೈಲ್ ಪಡೆಯುವವರ ಬಳಿ ಯಾವ ಆವೃತ್ತಿಯಿದೆ, ಕೇಳಿ. 2018ರಿಂದ 2025ರವರೆಗಿನವು ಒಂದೇ ಡಿಡಬ್ಲ್ಯೂಜಿ ಫಾರ್ಮ್ಯಾಟಿನವು. 2013ರಿಂದ 2017ರವರೆಗಿನದು ಬೇರೆ. ಆ ಹಳೆಯ ಆವೃತ್ತಿ ಬಳಸುವವರಿದ್ದರೆ ಆಪ್ಷನ್ಸ್‌ಗೆ ಹೋಗಿ ಸೇವ್ ಆಗುವ ಫಾರ್ಮ್ಯಾಟನ್ನು 2013ಕ್ಕೆ ಇಟ್ಟುಬಿಡಿ.

4. ಹೊಸದರಲ್ಲಿ ಎಲ್ಲವೂ ನಮಗೆ ಬೇಕಿಲ್ಲ. 2019ರಲ್ಲಿ ಬಂದ ಕಂಪೇರ್ ಮಾತ್ರ ಬಿಡಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ತಿದ್ದಿ ಕಳಿಸಿದ ಕಾಲಮ್ ಲೇಔಟನ್ನು ಹಿಂದಿನದರ ಜೊತೆ ಹೋಲಿಸಿದರೆ, ಬದಲಾದದ್ದು ಕೆಂಪು ಹಸಿರಿನಲ್ಲಿ, ಉಳಿದದ್ದು ಬೂದು ಬಣ್ಣದಲ್ಲಿ ಕಾಣುತ್ತದೆ. ಬದಲಾದ ಜಾಗದ ಸುತ್ತ ಕ್ಲೌಡ್ ಕೂಡ ಬಂದಿರುತ್ತದೆ. ಒಂದು ಕಾಲಮ್ ಅರ್ಧ ಅಡಿ ಸರಿದರೂ ಬಾಗಿಲಿನ ಜಾಗ ಕೆಡುತ್ತದೆ. ಬರಿಗಣ್ಣಿಗೆ ಅದು ಸಿಗುವುದು ಕಷ್ಟ.

5. ಬ್ಲಾಕ್‌ಗಳನ್ನು ತಾನೇ ಎಣಿಸಿಕೊಡುವ 2022ರ ಕೌಂಟ್, ಬಾಗಿಲು ಕಿಟಕಿಗಳ ಶೆಡ್ಯೂಲ್ ಹಾಕುವವರಿಗೆ ವರ. ಡ್ರಾಯಿಂಗಿನಲ್ಲಿ ಅವು ಬ್ಲಾಕ್‌ಗಳಾಗಿರಬೇಕು, ಅಷ್ಟೇ. ಕಂಡಕಂಡದ್ದನ್ನೆಲ್ಲ ಎಕ್ಸ್‌ಪ್ಲೋಡ್ ಮಾಡುವ ಚಾಳಿ ಇದ್ದವರು ಈಗಲಾದರೂ ಬಿಡಬೇಕು.

6. ಕಲಿಯಲು ಖಾಲಿ ಹಾಳೆ ಬೇಡ. ಮುಗಿದ ಪ್ರಾಜೆಕ್ಟಿನ ಫೈಲನ್ನು ಕಾಪಿ ಮಾಡಿಕೊಂಡು ಅದರಲ್ಲೇ ಆಡಿ.

ಕಚೇರಿ ನಡೆಸುವವರಲ್ಲಿ ಒಂದು ವಿನಂತಿ. ಪ್ಲಾನ್ ಸಬ್‌ಮಿಟ್ ಮಾಡಬೇಕಾದ ವಾರದಲ್ಲಿ ಅಪ್‌ಡೇಟ್ ಹಾಕಿಸಬೇಡಿ. ಹಾಕಿಸಿದ ಮೇಲೂ ಕೆಲವು ದಿನ ಹಳೆಯದು ಪಕ್ಕದಲ್ಲೇ ಇರಲಿ.