ಬೇಲೂರಿನಿಂದಲೇ ಆ್ಯಕ್ಚುಯರಿ ಆಗಿ

ಮುಂಗಾರಿನ ಮುಸುಕಿನ ಜೋಳಕ್ಕೆ ಬೆಳೆ ವಿಮೆ ಮಾಡಿಸುವ ಬೇಲೂರಿನ ರೈತ ವಿಮಾ ಮೊತ್ತದ ಹೆಚ್ಚೆಂದರೆ ಶೇ 2ರಷ್ಟು ಕಟ್ಟುತ್ತಾನೆ. ನಿಜವಾದ ಪ್ರೀಮಿಯಂ ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಬೆಳೆ ಕೈಕೊಡುವ ಸಾಧ್ಯತೆ ಎಷ್ಟೆಂದು ಹಿಂದಿನ ವರ್ಷಗಳ ಇಳುವರಿ ನೋಡಿ ಲೆಕ್ಕ ಹಾಕಿ ಆ ನಿಜವಾದ ದರ ಹೇಳುವುದು ಆ್ಯಕ್ಚುಯರಿಯ ಕೆಲಸ. ಬೇಲೂರು, ಹಳೇಬೀಡಿನ ಪಿಯು ಮಕ್ಕಳೂ ಈ ಕೆಲಸಕ್ಕೆ ಹೋಗಬಹುದು.

1. ಯಾರು ಅರ್ಹತೆ ಕೊಡುತ್ತಾರೆ, ಮೊದಲು ತಿಳಿಯಿರಿ. 1944ರಲ್ಲಿ ಹುಟ್ಟಿದ ಆ್ಯಕ್ಚುರಿಯಲ್ ಸೊಸೈಟಿ ಆಫ್ ಇಂಡಿಯಾ, 2006ರ ಕಾಯ್ದೆಯ ನಂತರ ಶಾಸನಬದ್ಧವಾದ ಇನ್‌ಸ್ಟಿಟ್ಯೂಟ್ ಆಫ್ ಆ್ಯಕ್ಚುಯರೀಸ್ ಆಫ್ ಇಂಡಿಯಾ ಆಯಿತು. ಈ ಸಂಸ್ಥೆಯ ಪರೀಕ್ಷೆ ಪಾಸಾಗಿ ಫೆಲೋ ಆದವರೇ ಪೂರ್ಣ ಅರ್ಹತೆಯ ಆ್ಯಕ್ಚುಯರಿ. ಲಕ್ಷಗಟ್ಟಲೆ ಶುಲ್ಕದ ಯಾವ ಕೋರ್ಸಿನ ಸರ್ಟಿಫಿಕೇಟೂ ಅದಕ್ಕೆ ಬದಲಿಯಲ್ಲ. ಸಾಲ ಮಾಡಿ ಸೀಟು ಕೊಳ್ಳುವ ಮುನ್ನ ಅಪ್ಪ, ಅಮ್ಮನಿಗೆ ಇದನ್ನು ತಿಳಿಸಿ.

2. ಪಿಯುಸಿಯಲ್ಲಿ ಗಣಿತ ಬಿಡಬೇಡಿ. ಕಾಮರ್ಸ್ ಇಷ್ಟವೇ? ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಸಂಯೋಜನೆ ತೆಗೆದುಕೊಳ್ಳಿ, ಅದರಲ್ಲಿಲ್ಲದ ಗಣಿತವನ್ನು ಹೊರಗಿನಿಂದ ಕಲಿಯಿರಿ.

3. ಮೊದಲ ಬಾಗಿಲು ಎಸಿಇಟಿ ಪ್ರವೇಶ ಪರೀಕ್ಷೆ. ಪಿಯುಸಿ ಮುಗಿಸಿದವರು ಬರೆಯಬಹುದು. ಗಣಿತ, ಸಂಖ್ಯಾಶಾಸ್ತ್ರಕ್ಕೇ ದೊಡ್ಡ ಪಾಲು. ಇಂಗ್ಲಿಷ್, ದತ್ತಾಂಶ ವಿಶ್ಲೇಷಣೆ, ತರ್ಕವೂ ಇವೆ. ಪಾಸಾದರೆ ವಿದ್ಯಾರ್ಥಿ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ಪದವಿಯನ್ನು ಜೊತೆಗೇ ಓದಿ.

4. ದೀರ್ಘ ದಾರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೆಲವು ವರ್ಷಗಳಿಂದ ನಡೆದು ಬಂದಿರುವ ಕ್ರಮದಲ್ಲಿ ಒಟ್ಟು 13 ಪತ್ರಿಕೆ: ಮೂಲತತ್ವದ ಏಳು, ಅನ್ವಯದ ಮೂರು, ವಿಶೇಷ ವಿಷಯದ ಎರಡು, ಉನ್ನತ ಮಟ್ಟದ ಒಂದು. ನಡುವೆ ಅಸೋಸಿಯೇಟ್, ಕೊನೆಗೆ ಫೆಲೋ. ಓದಿದ್ದರ ಜೊತೆ ಕೆಲಸದ ಅನುಭವವನ್ನೂ ಕೇಳುತ್ತಾರೆ. ಬುದ್ಧಿವಂತರೂ ಕೆಲವು ಪತ್ರಿಕೆಗಳನ್ನು ಎರಡು, ಮೂರು ಸಲ ಬರೆಯುತ್ತಾರೆ. ಫೇಲಾದರೆ ಊರವರ ಮಾತಿಗೆ ಕಿವಿಗೊಡಬೇಡಿ, ಮುಂದಿನ ಸರದಿಗೆ ಶುಲ್ಕ ಕಟ್ಟಿ.

5. ಮೊದಲ ಕೆಲವು ಪತ್ರಿಕೆ ಮುಗಿದ ಕೂಡಲೇ ಕೆಲಸ ಹುಡುಕಿ. ಬೆಂಗಳೂರಿನಲ್ಲಿ ವಿಮೆ, ಮರುವಿಮೆಯ ಲೆಕ್ಕ ಮಾಡುವ ಕಚೇರಿಗಳಿವೆ. ದುಡಿಯುತ್ತಾ ಬರೆಯುವುದೇ ಈ ವೃತ್ತಿಯ ರೂಢಿ. ಎಕ್ಸೆಲ್ ಮತ್ತು ಆರ್ ಎಂಬ ಕಂಪ್ಯೂಟರ್ ಭಾಷೆ ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು.

6. ಮನೆಯಲ್ಲಿರುವ ಪಾಲಿಸಿ ಓದಿ. ಅಮ್ಮ ಸರ್ಕಾರಿ ಶಾಲೆಯ ಮೇಡಂ ಆಗಿದ್ದರೆ ಅವರ ಸಂಬಳದಲ್ಲಿ ಕೆಜಿಐಡಿ ಕಡಿತ ಇದ್ದೇ ಇರುತ್ತದೆ. ಮೈಸೂರು ಸಂಸ್ಥಾನ 1891ರಲ್ಲೇ ಆರಂಭಿಸಿದ ವಿಮೆ ಅದು. ಎಷ್ಟು ಕಟ್ಟಿದರೆ ಎಷ್ಟು ಬರುತ್ತದೆ, ಬೋನಸ್ಸು ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ನೋಡಿ.

7. ತಿಳಿಸಿ ಹೇಳುವುದನ್ನು ಕಲಿಯಿರಿ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ವಿಷಯ ಗೊತ್ತಿಲ್ಲದವರಿಗೆ ಸರಳವಾಗಿ ಬರೆದು ತಿಳಿಸುವುದಕ್ಕೇ 13ರಲ್ಲಿ ಒಂದು ಪತ್ರಿಕೆ ಇದೆ. ಪರೀಕ್ಷೆ ಇಂಗ್ಲಿಷಿನಲ್ಲಿರುವುದರಿಂದ ದಿನಾ ಒಂದು ಪುಟ ಇಂಗ್ಲಿಷ್ ಬರೆಯಿರಿ. ವಿಮೆ ಹಣ ಈ ಸಲ ಏಕೆ ಬರಲಿಲ್ಲ ಎಂದು ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದೂ ಇದೇ ಅಭ್ಯಾಸ.

ಬೇಲೂರಿನ ಪಿಯು ಉಪನ್ಯಾಸಕರಲ್ಲಿ ಒಂದು ಕೋರಿಕೆ: ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಎಂಜಿನಿಯರಿಂಗ್, ಸಿಎ ಎಂದು ಹೇಳುವಾಗ ಆ್ಯಕ್ಚುಯರಿ ಎಂಬ ಹೆಸರನ್ನೂ ಸೇರಿಸಿ ಹೇಳಿ.