ತಂತಿಗಳ ತಿರುವುಮುರುವು: ಎಡಗೈ ಗಿಟಾರ್ ವಾದನದ ಒಂದು ಅಧ್ಯಯನ

ಮನುಷ್ಯನು ನಿರ್ಮಿಸಿಕೊಂಡ ಉಪಕರಣಗಳಲ್ಲಿ ಬಹುಪಾಲು ಬಲಗೈಯನ್ನು ಉದ್ದೇಶಿಸಿ ರೂಪುಗೊಂಡಂಥವು. ದರ್ಜಿಯ ಕತ್ತರಿಯಿಂದ ಮೊದಲ್ಗೊಂಡು ರೈತನ ಕುಡುಗೋಲಿನವರೆಗೆ ಈ ಮಾತು ಸಲ್ಲುತ್ತದೆ. ಆದರೆ ಜನರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಹುಟ್ಟಿನಿಂದಲೇ ಎಡಚರು. ತನಗಾಗಿ ಮಾಡದ ಉಪಕರಣವನ್ನು ಹಿಡಿದು ಬಾಳುವುದು ಇವರಿಗೆ ನಿತ್ಯದ ಅಭ್ಯಾಸ. ಈ ಅಭ್ಯಾಸವು ಕೊರತೆಯಾಗಿಯೇ ಉಳಿಯಬೇಕೆಂದಿಲ್ಲ, ಹೊಸದೊಂದು ವಿದ್ಯೆಯೂ ಆಗಬಹುದೆಂಬುದಕ್ಕೆ ಗಿಟಾರ್ ವಾದನದ ಇತಿಹಾಸದಲ್ಲಿ ಸ್ಪಷ್ಟ ನಿದರ್ಶನಗಳಿವೆ. ಶಿಕ್ಷಕರ ಪಾಲಿಗೆ ಅವು ವಿಚಾರಾರ್ಹವಾದವು.

ಗಿಟಾರಿಗೆ ಸಾಮಾನ್ಯವಾಗಿ ಆರು ತಂತಿಗಳು. ವಾದಕನು ಅದನ್ನು ಮಡಿಲಲ್ಲಿರಿಸಿಕೊಂಡಾಗ ಅತ್ಯಂತ ದಪ್ಪನೆಯ ತಂತಿಯು ಮೇಲ್ಗಡೆ, ಅಂದರೆ ಅವನ ಮುಖದ ಕಡೆಗೆ ಇರುತ್ತದೆ; ಅತ್ಯಂತ ತೆಳುವಾದುದು ಕೆಳಗಡೆ, ನೆಲದ ಕಡೆಗೆ. ರೂಢಿಯ ಶ್ರುತಿಯಲ್ಲಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ ತೆಳು ತಂತಿಯು ಸುಮಾರು 330 ಬಾರಿ ಕಂಪಿಸುತ್ತದೆ. ಎರಡರ ನಡುವಿನ ಅಂತರ ಎರಡು ಸ್ಥಾಯಿಗಳಷ್ಟು. ಎಡಗೈಯ ಬೆರಳುಗಳು ದಂಡಿಯ ಮೇಲೆ ತಂತಿಗಳನ್ನು ಒತ್ತುತ್ತವೆ, ಬಲಗೈ ಮೀಟುತ್ತದೆ. ಬೆರಳುಗಳಿಂದ ಮೀಟುವ ಪದ್ಧತಿಯಲ್ಲಿ ಹೆಬ್ಬೆರಳು ಮೇಲಿನ ದಪ್ಪ ತಂತಿಗಳಲ್ಲಿ ಮಂದ್ರದ ನಡೆಯನ್ನು ಕಾಯ್ದುಕೊಂಡು ಬರುತ್ತದೆ. ಉಳಿದ ಬೆರಳುಗಳು ಕೆಳಗಿನ ತೆಳು ತಂತಿಗಳಲ್ಲಿ ಹಾಡಿನ ಧಾಟಿಯನ್ನು ನುಡಿಸುತ್ತವೆ.

ಎಡಗೈಯಿಂದಲೇ ಮೀಟಬಯಸುವವನಿಗೆ ಮೂರು ಮಾರ್ಗಗಳುಂಟು. ಎಡಗೈಗಾಗಿಯೇ ತಯಾರಿಸಿದ ವಾದ್ಯವನ್ನು ಕೊಳ್ಳುವುದು ಮೊದಲನೆಯದು. ಬಲಗೈ ವಾದ್ಯವನ್ನು ತಿರುಗಿಸಿ ಹಿಡಿದು, ತಂತಿಗಳನ್ನು ಬಿಚ್ಚಿ ಹಿಂದುಮುಂದಾಗಿ ಮತ್ತೆ ಕಟ್ಟುವುದು ಎರಡನೆಯದು. ಜಗತ್ಪ್ರಸಿದ್ಧ ವಾದಕ ಜಿಮಿ ಹೆಂಡ್ರಿಕ್ಸ್ (1942–1970) ಹೆಚ್ಚಾಗಿ ಅನುಸರಿಸಿದುದು ಇದನ್ನು. ಅವನ ವಾದ್ಯದ ಒಡಲು ತಲೆಕೆಳಗಾಗಿದ್ದರೂ ತಂತಿಗಳ ಕ್ರಮ ಎಂದಿನಂತೆಯೇ ಇತ್ತು. ತಂತಿಗಳನ್ನು ಮುಟ್ಟದೆ, ವಾದ್ಯವನ್ನು ಸುಮ್ಮನೆ ತಿರುಗಿಸಿ ಹಿಡಿಯುವುದು ಮೂರನೆಯ ಮಾರ್ಗ. ಆಗ ತೆಳು ತಂತಿ ಮೇಲಕ್ಕೂ ದಪ್ಪ ತಂತಿ ಕೆಳಕ್ಕೂ ಬಂದು ಕ್ರಮವೆಲ್ಲ ತಿರುವುಮುರುವಾಗುತ್ತದೆ. ಪ್ರಸ್ತುತ ಲೇಖನದ ವಿಷಯ ಈ ಮೂರನೆಯ ಮಾರ್ಗವೇ.

ತಂತಿಗಳನ್ನು ಬದಲಿಸಿ ಕಟ್ಟುವುದು ತೋರುವಷ್ಟು ಸುಲಭವಲ್ಲ. ದಂಡಿಯ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ಪಟ್ಟಿಯ ಗೀರುಗಳನ್ನು ಆಯಾ ತಂತಿಯ ದಪ್ಪಕ್ಕೆ ಸರಿಯಾಗಿ ಕೊರೆದಿರುತ್ತಾರೆ. ತೆಳು ತಂತಿಯ ಗೀರಿನಲ್ಲಿ ದಪ್ಪ ತಂತಿ ಕೂರದು. ದಪ್ಪ ತಂತಿಯ ಗೀರಿನಲ್ಲಿ ತೆಳು ತಂತಿ ಸಡಿಲವಾಗಿ ಅದುರುತ್ತದೆ. ಅನೇಕ ವಾದ್ಯಗಳಲ್ಲಿ ಕುದುರೆಯ ಮೇಲಿನ ಪಟ್ಟಿಯನ್ನು ತುಸು ಓರೆಯಾಗಿ ಕೂರಿಸಿರುತ್ತಾರೆ. ದಪ್ಪ ತಂತಿಗೆ ಹೆಚ್ಚು ಉದ್ದ ದೊರೆತು ಸ್ವರವು ಶುದ್ಧವಾಗಿರಲೆಂಬುದು ಇದರ ಉದ್ದೇಶ. ತಂತಿಗಳನ್ನು ಅದಲುಬದಲು ಮಾಡಿದರೆ ಅಪಸ್ವರ ಹುಟ್ಟುತ್ತದೆ. ಇವನ್ನೆಲ್ಲ ಸರಿಪಡಿಸಲು ಕುಶಲಕರ್ಮಿ ಬೇಕು, ಹಣ ಬೇಕು. ಎಲ್ಲಕ್ಕಿಂತ ಮೊದಲು ವಾದ್ಯವು ತನ್ನದಾಗಿರಬೇಕು.

ಎಲಿಜಬೆತ್ ಕಾಟನ್ ಎಂಬ ಹೆಣ್ಣುಮಗಳಿಗೆ ಆರಂಭದಲ್ಲಿ ಇದಾವುದೂ ಇರಲಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಬಡ ಕಪ್ಪು ಕುಟುಂಬವೊಂದರಲ್ಲಿ 1893ರಲ್ಲಿ ಜನಿಸಿದ ಈಕೆ ಎಡಚಿ. ಅಣ್ಣನು ಮನೆಯಲ್ಲಿಲ್ಲದಾಗ ಅವನ ಬ್ಯಾಂಜೊ ವಾದ್ಯವನ್ನು ಕದ್ದುಮುಚ್ಚಿ ಎತ್ತಿಕೊಂಡು, ತಿರುಗಿಸಿ ಹಿಡಿದು ಕಲಿತಳು. ಮುಂದೆ ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಮನೆಗೆಲಸಕ್ಕೆ ಸೇರಿ, ಕೂಡಿಸಿದ ಹಣದಲ್ಲಿ 3 ಡಾಲರ್ 75 ಸೆಂಟ್‌ಗಳಿಗೆ ಒಂದು ಗಿಟಾರನ್ನು ಕೊಂಡಳು. ಅದನ್ನೂ ಹಾಗೆಯೇ ತಿರುಗಿಸಿ ಹಿಡಿದಳು. ಕಲಿಸುವ ಗುರುವಾಗಲಿ ಸಂಗೀತದ ಪುಸ್ತಕವಾಗಲಿ ಇರಲಿಲ್ಲ.

ಈ ಹಿಡಿತದಿಂದ ಒಂದು ವಿಶೇಷ ಪರಿಣಾಮವುಂಟಾಯಿತು. ದಪ್ಪ ತಂತಿಗಳು ಕೆಳಗೆ ಬಂದುದರಿಂದ ಮಂದ್ರದ ನಡೆ ತೋರುಬೆರಳಿನ ಪಾಲಾಯಿತು. ತೆಳು ತಂತಿಗಳು ಮೇಲೆ ಬಂದುದರಿಂದ ಹಾಡಿನ ಧಾಟಿ ಹೆಬ್ಬೆರಳಿಗೆ ಸಂದಿತು. ಇತರರು ಸೂಕ್ಷ್ಮವಾದ ಬೆರಳುಗಳಿಂದ ನುಡಿಸುವುದನ್ನು ಈಕೆ ಬಲವಾದ ಬೆರಳಿನಿಂದ ನುಡಿಸಿದಳು. ಮುಂದೆ ಈ ರೀತಿಯು ಈಕೆಯ ಹೆಸರಿನಿಂದಲೇ ‘ಕಾಟನ್ ಪಿಕಿಂಗ್’ ಎಂದು ಪ್ರಸಿದ್ಧವಾಯಿತು. ಹುಡುಗಿಯಾಗಿದ್ದಾಗಲೇ ಕಟ್ಟಿದ ‘ಫ್ರೈಟ್ ಟ್ರೇನ್’ ಎಂಬ ಹಾಡು ಈಕೆಯ ಕೃತಿಗಳಲ್ಲೆಲ್ಲ ಹೆಚ್ಚು ಪ್ರಚಾರ ಪಡೆದುದು.

ಆದರೆ ಮನ್ನಣೆ ಬಹು ತಡವಾಗಿ ಬಂದಿತು. ಲೌಕಿಕ ಹಾಡುಗಳನ್ನು ಬಿಡಬೇಕೆಂಬ ಚರ್ಚಿನವರ ಮಾತಿಗೆ ಮನ್ನಣೆ ಕೊಟ್ಟು, ಸಂಸಾರದ ಭಾರವನ್ನೂ ಹೊತ್ತು, ಆಕೆ ದಶಕಗಳ ಕಾಲ ಗಿಟಾರಿನಿಂದ ದೂರವಿದ್ದಳು. 1940ರ ದಶಕದಲ್ಲಿ ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಅಲ್ಲಿ ತಪ್ಪಿಸಿಕೊಂಡ ಪೆಗ್ಗಿ ಎಂಬ ಬಾಲಕಿಯನ್ನು ಹುಡುಕಿ ತಾಯಿಗೊಪ್ಪಿಸಿದಳು. ಅದು ಸಂಗೀತಜ್ಞ ಚಾರ್ಲ್ಸ್ ಸೀಗರ್ ಅವರ ಕುಟುಂಬ. ಆ ಪರಿಚಯದಿಂದ ಅವರ ಮನೆಯಲ್ಲಿಯೇ ಕೆಲಸ ದೊರೆಯಿತು. ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಆಕೆ ನುಡಿಸುವುದು ಮನೆಯವರ ಗಮನಕ್ಕೆ ಬಂದಿತು. ಆ ಮನೆಯ ಮಗ ಮೈಕ್ ಸೀಗರ್ ಆಕೆಯ ವಾದನವನ್ನು ಧ್ವನಿಮುದ್ರಿಸಿದನು. ಮೊದಲ ಧ್ವನಿಮುದ್ರಿಕೆಯು 1958ರಲ್ಲಿ ಹೊರಬಂದಾಗ ಆಕೆಗೆ 65 ವರ್ಷ. 1985ರಲ್ಲಿ ಗ್ರಾಮಿ ಪ್ರಶಸ್ತಿ ದೊರೆಯಿತು. 1987ರಲ್ಲಿ ಆಕೆ ನಿಧನಳಾದಳು.

ಆಲ್ಬರ್ಟ್ ಕಿಂಗ್ (1923–1992) ಇನ್ನೊಬ್ಬ ಇಂಥ ವಾದಕ. ಬ್ಲೂಸ್ ಎಂಬ ಸಂಗೀತಪ್ರಕಾರದಲ್ಲಿ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವುದು ಒಂದು ಮುಖ್ಯ ಅಲಂಕಾರ. ಸಾಮಾನ್ಯ ವಾದಕನು ತೆಳು ತಂತಿಯನ್ನು ಮೇಲಕ್ಕೆ ತಳ್ಳುತ್ತಾನೆ. ಕಿಂಗ್‌ನ ತೆಳು ತಂತಿಯು ಮೇಲ್ಗಡೆಯೇ ಇದ್ದುದರಿಂದ ಅವನು ಅದನ್ನು ಕೆಳಕ್ಕೆ, ಅಂಗೈಯ ಕಡೆಗೆ ಜಗ್ಗುತ್ತಿದ್ದನು. ತಳ್ಳುವುದಕ್ಕಿಂತ ಜಗ್ಗುವುದರಲ್ಲಿ ಕೈಗೆ ಬಲ ಹೆಚ್ಚು. ಅವನ ಸ್ವರಗಳ ದೀರ್ಘವಾದ ಏರಿಕೆಗೆ ಇದೂ ಒಂದು ಕಾರಣ. ಬಲಗೈ ವಾದಕರು ಅನೇಕರು ಆ ನಾದವನ್ನು ಅನುಕರಿಸಲು ಶ್ರಮಿಸಿದರು. ‘ಮಿಸಿರ್ಲೂ’ ಎಂಬ ಹಳೆಯ ಧಾಟಿಯನ್ನು 1962ರಲ್ಲಿ ಅತಿವೇಗದಲ್ಲಿ ನುಡಿಸಿ ಹೆಸರಾದ ಡಿಕ್ ಡೇಲ್ (1937–2019) ಸಹ ತಂತಿಗಳ ಕ್ರಮವನ್ನು ಬದಲಿಸದೆಯೇ ನುಡಿಸಿದವನು.

ಹಾಗೆಂದು ಈ ಮಾರ್ಗವನ್ನು ಎಲ್ಲರಿಗೂ ವಿಧಿಸುವುದು ಸರಿಯಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಪಠ್ಯಪುಸ್ತಕಗಳಲ್ಲಿನ ಚಿತ್ರಗಳನ್ನು ತಿರುಗಿಸಿ ಅರ್ಥೈಸಿಕೊಳ್ಳಬೇಕು. ಕೆಲವು ಸ್ವರಮೇಳಗಳಿಗೆ ಬೆರಳು ಎಟುಕುವುದು ಕಷ್ಟ. ದಂಡಿಯ ಮೇಲಿನಿಂದ ಹೆಬ್ಬೆರಳನ್ನು ಬಳಸಿ ದಪ್ಪ ತಂತಿಯನ್ನು ಒತ್ತುವ ಉಪಾಯವು ಇಲ್ಲಿ ನಡೆಯದು. ಆದಕಾರಣ ಇಂದು ಕಲಿಯತೊಡಗುವ ಎಡಚ ವಿದ್ಯಾರ್ಥಿಗೆ ಅನುಕೂಲವಿದ್ದಲ್ಲಿ ಎಡಗೈ ವಾದ್ಯವನ್ನು ಒದಗಿಸುವುದೇ ಲೇಸು. ಮೇಲಿನ ನಿದರ್ಶನಗಳಿಂದ ಗ್ರಹಿಸಬೇಕಾದುದು ಇಷ್ಟು: ಕಿವಿಯು ಕೇಳುವುದು ನಾದವನ್ನು, ಅದನ್ನು ಯಾವ ಕೈ ಹುಟ್ಟಿಸಿತೆಂಬುದನ್ನಲ್ಲ.

ಈ ವಿವೇಕವು ಶಾಲೆಯ ಕೊಠಡಿಗೂ ಸಲ್ಲುವಂಥದು. ಎಡಗೈಯಲ್ಲಿ ಬಳಪ ಹಿಡಿದ ಮಗುವಿನಿಂದ ಅದನ್ನು ಕಿತ್ತು ಬಲಗೈಗೆ ಕೊಡುವುದು, ಕೇಳದಿದ್ದರೆ ಬೆರಳ ಗೆಣ್ಣಿಗೆ ಹೊಡೆಯುವುದು ಕನ್ನಡನಾಡಿನಲ್ಲಿ ಬಹುಕಾಲ ಶಿಸ್ತೆಂದೇ ಎಣಿಸಲ್ಪಟ್ಟಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ದಂಡನೆಯನ್ನು ನಿಷೇಧಿಸಿದೆ. ಆದರೆ ಎಡಗೈ ಕೀಳೆಂಬ ಭಾವನೆಯನ್ನು ಕಾಯಿದೆಯೊಂದೇ ತೊಡೆಯಲಾರದು. ಶರಣ ಪರಂಪರೆಗೆ ಸೇರಿದವರಿಗಂತೂ ಈ ಭಾವನೆ ಸಲ್ಲದು. ಇಷ್ಟಲಿಂಗವನ್ನು ಇರಿಸಿ ಪೂಜಿಸುವುದು ಎಡ ಅಂಗೈಯ ಮೇಲೆಯೇ ಅಲ್ಲವೆ? ದೇವರಿಗೆ ಪೀಠವಾದ ಕೈ ಅಕ್ಷರಕ್ಕೆ ಅಯೋಗ್ಯವೆನ್ನುವುದು ಯುಕ್ತವಲ್ಲ.

ಶಿಕ್ಷಕರು ಮಾಡಬಹುದಾದ ಕಾರ್ಯಗಳು ಸರಳವಾದವು. ಎಡಚ ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈಗೆ ತಾಕುವುದು ತಪ್ಪುತ್ತದೆ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುವುದರಿಂದ ಬರೆದ ಅಕ್ಷರದ ಮೇಲೆಯೇ ಆ ಮಗುವಿನ ಕೈ ಸರಿದು ಶಾಯಿ ಮಸಿಯಾಗುತ್ತದೆ. ಹಾಳೆಯ ಮೇಲಂಚನ್ನು ಬಲಕ್ಕೆ ವಾಲಿಸಿ, ಕೈಯನ್ನು ಸಾಲಿನ ಕೆಳಗಿರಿಸುವುದನ್ನು ಕಲಿಸಬೇಕು. ಕೈಕಸುಬಿನ ತರಗತಿಗೆ ಎಡಗೈ ಕತ್ತರಿಗಳು ಕೆಲವಿರಲಿ. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ.

ಎಲಿಜಬೆತ್ ಕಾಟನ್‌ಗೆ ಬಾಲ್ಯದಲ್ಲಿ ಕಲಿಸುವವರಿರಲಿಲ್ಲ. ಆದುದರಿಂದಲೇ ತಿದ್ದುವವರೂ ಇರಲಿಲ್ಲ. ಅದೃಷ್ಟವಶಾತ್ ಒಂದು ಶೈಲಿ ಉಳಿಯಿತು. ಶಾಲೆಗೆ ಬಂದ ಮಗುವಿಗೆ ಕಲಿಸುವವರು ಇದ್ದಾರೆ. ಆ ಕಾರಣಕ್ಕಾಗಿಯೇ ಅದರ ಕೈಯಲ್ಲಿರುವ ಶೈಲಿ ಅಳಿಯದಂತೆ ನೋಡಿಕೊಳ್ಳುವ ಹೊಣೆ ಗುರುವಿನದು.